ರಾಲಿತ್ಸಾಳ ಕಿವಿಯಲ್ಲಿ ಝುಂ

ಠಣ್! ಠಣ್! ಠಣ್!

ಕೆಳಗಿನ ಮನೆಯ ಮೆತೊದಿ ತಾತ ಸೌಟಿನಿಂದ ರೇಡಿಯೇಟರ್ ಪೈಪಿಗೆ ಬಡಿಯುತ್ತಿದ್ದರು. ಮನೆಗಳನ್ನೆಲ್ಲ ಬೆಚ್ಚಗಿಡುವ ಆ ಬಿಸಿನೀರಿನ ಪೈಪು ಕಟ್ಟಡದ ಬುಡದಿಂದ ತುದಿಯವರೆಗೆ ಒಂದೇ. ಒಬ್ಬರಿಗೆ ಸಿಟ್ಟು ಬಂದರೆ ಎಂಟೂ ಮಹಡಿಗೆ ಸುದ್ದಿ ಮುಟ್ಟುತ್ತಿತ್ತು.

ಮುಟ್ಟದೆ ಉಳಿದದ್ದು ರಾಲಿತ್ಸಾಳಿಗೆ ಮಾತ್ರ. ಅವಳು ಮಂಚದ ಮೇಲೆ ನಿಂತು, ಕಣ್ಣು ಮುಚ್ಚಿ, ಕಿವಿಗೆ ಹೊಸ ಬಡ್ಸ್ ಸಿಕ್ಕಿಸಿಕೊಂಡು, ಗಂಟಲು ಹರಿಯುವಂತೆ ಹಾಡುತ್ತಿದ್ದಳು.

ಅಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದು ಒಂದು ಕಿವಿಯ ಬಡ್ ಕಿತ್ತಳು.

"ರಾಲೀ! ಪೈಪ್ ಬಡೀತಿದಾರೆ!"

"ಯಾರು?"

"ಇನ್ಯಾರು, ಮೆತೊದಿ ತಾತ. ಮೇಲ್ಗಡೆ ಹಸು ಕರು ಹಾಕ್ತಿದೆ ಅಂದ್ಕೊಂಡಿರ್ಬೇಕು."

"ಅಮ್ಮಾ, ನಾನು ಹಾಡ್ತಿದ್ದೆ!"

"ಅದನ್ನೇ ನಾನೂ ಹೇಳಿದ್ದು."

ರಾಲಿತ್ಸಾ ಧೊಪ್ಪನೆ ಮಂಚದ ಮೇಲೆ ಕೂತಳು. "ನನ್ನ ತಪ್ಪಲ್ಲ ಅಮ್ಮ. ಈ ಬಡ್ಸ್ ಸರಿ ಇಲ್ಲ. ಒಳಗೆ ಏನೋ ಝುಂ ಅನ್ನುತ್ತೆ. ಆ ಝುಂನ ಮುಚ್ಚೋಕೆ ನಾನು ಜೋರಾಗಿ ಹಾಡ್ಬೇಕಾಗುತ್ತೆ."

"ಯಾವೋರ್‌ಗೆ ತೋರಿಸು ಹೋಗು," ಅಂದಳು ಅಮ್ಮ. "ಆದ್ರೆ ಮೆಟ್ಟಿಲ ಮೇಲೆ ಹಾಡ್ಬೇಡ."

ಯಾವೋರ್ ದೊಡ್ಡಪ್ಪನ ಮಗ. ಅದೇ ಕಟ್ಟಡದ ಐದನೇ ಮಹಡಿಯಲ್ಲಿದ್ದ. ಹೈಸ್ಕೂಲು ಓದುತ್ತಿದ್ದ ಅವನ ಕುತ್ತಿಗೆಯಲ್ಲಿ ಒಂದಲ್ಲ ಒಂದು ಹೆಡ್‌ಫೋನ್ ಯಾವಾಗಲೂ ನೇತಾಡುತ್ತಿತ್ತು. ಸ್ನಾನಕ್ಕೆ ಹೋಗುವಾಗಲಾದರೂ ತೆಗೆಯುತ್ತಾನೋ ಇಲ್ಲವೋ ಎಂಬುದು ದೊಡ್ಡಮ್ಮನಿಗೂ ಗೊತ್ತಿರಲಿಲ್ಲ.

ಮೆಟ್ಟಿಲು ಹತ್ತುತ್ತ ರಾಲಿತ್ಸಾ ಉಳಿದ ದಿನಗಳನ್ನು ಬೆರಳಲ್ಲಿ ಎಣಿಸಿದಳು. ಶನಿವಾರ ಹತ್ತಿರ ಬರುತ್ತಿತ್ತಲ್ಲ!

ಶನಿವಾರ ಲಾಜರನ ಹಬ್ಬ. ಅಜ್ಜಿಯ ಊರಿನಲ್ಲಿ ಅಂದು ಹುಡುಗಿಯರೆಲ್ಲ ಕಸೂತಿಯ ಅಂಗಿ ತೊಟ್ಟು, ತಲೆಗೆ ಹೂವಿನ ದಂಡೆ ಕಟ್ಟಿ, ಮನೆಮನೆಯ ಅಂಗಳಕ್ಕೆ ಹೋಗಿ ಹಾಡುತ್ತಾರೆ. ಮನೆಯವರು ಮೊಟ್ಟೆ ಕೊಡುತ್ತಾರೆ. ಮುಂದಿನ ವಾರ ಈಸ್ಟರ್‌ಗೆ ಬಣ್ಣ ಹಚ್ಚುವುದು ಅದೇ ಮೊಟ್ಟೆಗಳಿಗೆ.

ಹಾಡಿಗೆ ಇಬ್ಬರು ಬೇಕು. ಒಬ್ಬಳು ಹಾಡನ್ನು ಕೂಗುತ್ತಾಳೆ. ಅವಳ ದನಿ ಮೇಲೆ ಕೆಳಗೆ ಓಡಾಡುತ್ತದೆ. ಇನ್ನೊಬ್ಬಳು ಪಕ್ಕದಲ್ಲಿ ನಿಂತು ಎಳೆಯುತ್ತಾಳೆ. ಅವಳ ದನಿ ಚಮಚದಿಂದ ಇಳಿಯುವ ಜೇನುತುಪ್ಪದ ಎಳೆಯಂತೆ ಉದ್ದಕ್ಕೆ ನಿಂತಿರುತ್ತದೆ.

ರಾಲಿತ್ಸಾ ಕೂಗಿದವಳೂ ಅಲ್ಲ, ಎಳೆದವಳೂ ಅಲ್ಲ. ಅವಳು ಬುಟ್ಟಿಯವಳು. ವರ್ಷವರ್ಷವೂ ಆ ಇಬ್ಬರ ನಡುವೆ ಮೊಟ್ಟೆಬುಟ್ಟಿ ಹಿಡಿದು ಮರದ ಗೊಂಬೆಯಂತೆ ನಿಲ್ಲುವುದೇ ಅವಳ ಕೆಲಸ. ಸೀನುವ ಹಾಗಿಲ್ಲ, ಕೆರೆದುಕೊಳ್ಳುವ ಹಾಗಿಲ್ಲ. ಅದರ ಮೇಲೆ, ಪ್ಲಮ್ ಮರಗಳು ಹೂ ಬಿಡುವ ಕಾಲವಾದ್ದರಿಂದ ತಲೆಯ ಮೇಲೆ ಜೇನುಹುಳ ಗುಂಯ್‌ಗುಡುತ್ತಿತ್ತು. ಎಲ್ಲಿ ಕಚ್ಚಿಬಿಡುತ್ತದೋ ಎಂದು ಕತ್ತು ಕುಗ್ಗಿಸಿಕೊಂಡೇ ಹಬ್ಬ ಮುಗಿಯುತ್ತಿತ್ತು.

ಈ ವರ್ಷ, ಎಳೆಯುತ್ತಿದ್ದ ದೊಡ್ಡ ಹುಡುಗಿ ಓದಲು ಬೇರೆ ಊರಿಗೆ ಹೋದಳು. ಜಾಗ ಖಾಲಿ! ಅಜ್ಜಿ ಎದುರುಮನೆಯ ಗಿನಾ ಅಜ್ಜಿಯನ್ನು ಅಡುಗೆಮನೆಗೆ ಕರೆದು, ಇಬ್ಬರೂ ಹಾಡಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ದಳು. ಕೊನೆಯಲ್ಲಿ ಒಂದು ಮಾತು: "ಕೇಳಿಸ್ಕೊಂಡು ಕಲಿ ಮಗಾ. ಶುಕ್ರವಾರ ಬಂದು ಹಾಡಿ ತೋರ್ಸು. ಬಂದ್ರೆ ಹಾಡು, ಬರ್ದಿದ್ರೆ ಬುಟ್ಟಿ."

* * *

"ರೋಗಿಯನ್ನ ಮೇಜಿನ ಮೇಲೆ ಮಲಗ್ಸು," ಅಂದ ಯಾವೋರ್.

ರಾಲಿತ್ಸಾ ಬಡ್ಸ್ ಎರಡನ್ನೂ ಅವನ ಕರವಸ್ತ್ರದ ಮೇಲೆ ಇಟ್ಟಳು. ಅವನು ಟೇಬಲ್ ಲ್ಯಾಂಪ್ ಬಗ್ಗಿಸಿ, ಒಂದು ಕಣ್ಣು ಮುಚ್ಚಿ ನೋಡಿದ.

"ಇದೇನೇ ಇದು? ಜಾಲರಿ ತುಂಬ ಬಾನಿತ್ಸಾ ಪುಡಿ!"

"ಜೇಬಲ್ಲಿ ತಿಂಡಿ ಇತ್ತು," ಅಂದಳು ರಾಲಿತ್ಸಾ ಸಣ್ಣ ದನಿಯಲ್ಲಿ. ಅಮ್ಮ ಮಾಡುವ ಚೀಸ್ ಬಾನಿತ್ಸಾ ಪದರ ಪದರವಾಗಿ ಎಲ್ಲೆಂದರಲ್ಲಿ ಉದುರುತ್ತಿತ್ತು.

"ಹೆಡ್‌ಫೋನಿಗೆ ಊಟ ಮಾಡ್ಸಿದೀಯ. ಬ್ರಶ್!"

ಅವನು ಕಣ್ಣೆತ್ತದೆ ಕೈ ಚಾಚಿದ. ರಾಲಿತ್ಸಾ ನರ್ಸಿನಂತೆ ಹಲ್ಲುಜ್ಜುವ ಹಳೇ ಬ್ರಶ್ಶನ್ನು ಅವನ ಅಂಗೈಗಿಟ್ಟಳು. ಒಣ ಬ್ರಶ್ಶಿನಿಂದ, ಜಾಲರಿಯನ್ನು ಕೆಳಮುಖ ಮಾಡಿಕೊಂಡು, ಪುಡಿ ಒಳಗೆ ಹೋಗದಂತೆ ಅವನು ಮೆತ್ತಗೆ ತಟ್ಟಿ ತಟ್ಟಿ ಉಜ್ಜಿದ.

"ಈಗ ಹಾಕ್ಕೋ. ಹೇಗಿದೆ?"

"ಸ್ವಲ್ಪ ಜೋರಾಗಿದೆ. ಝುಂನೂ ಜೋರಾಗಿದೆ."

"ಹೂಂ. ಕಿವಿಗೆ ಸರಿಯಾಗಿ ಕೂತಿದ್ಯಾ? ಹೌದು ಅನ್ನು."

ಅವರ ದೇಶದಲ್ಲಿ ಹೌದು ಎಂದರೆ ತಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಬೇಕು, ಇಲ್ಲ ಎಂದರೆ ಮೇಲೆ ಕೆಳಗೆ. ರಾಲಿತ್ಸಾ ಹೌದು ಎಂದು ಆಡಿಸಿದಳು. ಒಂದು ಬಡ್ ಹಾರಿ ಹೋಗಿ ಯಾವೋರ್‌ನ ಚಹಾದ ಲೋಟದ ಪಕ್ಕ ಬಿತ್ತು.

"ಇಲ್ಲ ಅನ್ನು."

ತಲೆ ಮೇಲೆ ಕೆಳಗೆ ಆಡಿಸಿದಳು. ಇನ್ನೊಂದು ಬಡ್ ಅಲ್ಲಾಡಲಿಲ್ಲ.

"ಅಂದ್ರೆ ನಾನು ಇನ್ಮೇಲೆ ಎಲ್ಲದಕ್ಕೂ ಇಲ್ಲ ಅಂತ್ಲೇ ಹೇಳ್ಬೇಕಾ?"

"ಮಂಕೇ, ರಬ್ಬರ್ ತುದಿ ನಿನಗೆ ದೊಡ್ಡದು. ಕಿವಿಗೂ ಬಡ್ಸಿಗೂ ಮಧ್ಯೆ ಸಂದಿ ಇದ್ರೆ ದಪ್ಪ ದನಿಯೆಲ್ಲ ಸೋರಿ ಹೋಗುತ್ತೆ." ಡಬ್ಬಿಯಲ್ಲಿ ಬೇರೆ ಬೇರೆ ಅಳತೆಯ ತುದಿಗಳಿದ್ದವು, ರಾಲಿತ್ಸಾ ಅವುಗಳನ್ನು ಗೊಂಬೆಯ ಟೋಪಿ ಎಂದುಕೊಂಡು ಎತ್ತಿಟ್ಟಿದ್ದಳು. ಅವನು ಸಣ್ಣವನ್ನು ಹಾಕಿದ. ಈಗ ಹೌದು ಎಂದರೂ ಬೀಳಲಿಲ್ಲ, ಇಲ್ಲ ಎಂದರೂ ಬೀಳಲಿಲ್ಲ. ಅಜ್ಜಿಯ ದನಿಗೆ ಹೊಟ್ಟೆ ಬಂದಂತಾಯಿತು. ಝುಂಗೂ ಹೊಟ್ಟೆ ಬಂತು.

ಯಾವೋರ್ ಹುಬ್ಬು ಗಂಟಿಕ್ಕಿದ. "ಫೋನ್ ಎಲ್ಲಿಟ್ಕೊಂಡಿದ್ದೆ?"

"ಹಿಂದಿನ ಜೇಬಲ್ಲಿ."

"ನಿನ್ನ ಮೈಯೆಲ್ಲಾ ದಾಟ್ಕೊಂಡು ಸಿಗ್ನಲ್ ಬರ್ಬೇಕಾ ಪಾಪ! ಎದುರಿಗಿಡು." ಅವನು ಫೋನನ್ನು ಕೈಗೆತ್ತಿಕೊಂಡು ನೋಡಿ ಹಣೆ ಚಚ್ಚಿಕೊಂಡ. "ರಾಲೀ! ರೆಕಾರ್ಡರ್ ಆನ್ ಇದೆಯಲ್ಲೇ!"

"ನಾನು ಹಾಡಿದ್ದನ್ನ ಆಮೇಲೆ ಕೇಳೋಕೆ."

"ಬಡ್ಸಿನ ಮೈಕ್ ಆನ್ ಆದ್ರೆ ಫೋನು, ಓ ಯಾರೋ ಕಾಲ್ ಮಾಡ್ತಿದಾರೆ ಅಂದ್ಕೊಳ್ಳುತ್ತೆ. ಆಗ ಹಾಡೂ ಕಾಲ್ ಥರಾನೇ ಬರುತ್ತೆ. ಡಬ್ಬದೊಳಗಿಂದ ಬಂದ ಹಾಗೆ. ನೋಡು ಈಗ."

ರೆಕಾರ್ಡರ್ ಆಫ್ ಮಾಡಿದ. ಬ್ಲೂಟೂತಿನ ಸೆಟ್ಟಿಂಗ್ ತೆರೆದು, ಸೌಂಡ್ ಕ್ವಾಲಿಟಿ ಎಂದಿದ್ದ ಕಡೆ ಮೇಲಿನದನ್ನು ಆರಿಸಿದ. ಹಾಡನ್ನು ಮತ್ತೆ ಮೊದಲಿಂದ ಹಾಕಿದ.

ರಾಲಿತ್ಸಾಳ ಬಾಯಿ ತೆರೆದುಕೊಂಡಿತು.

ಅಜ್ಜಿಯ ಅಡುಗೆಮನೆಯೇ ಕಿವಿಯೊಳಗೆ ಬಂದು ಕೂತಿತ್ತು! ಗೋಡೆ ಗಡಿಯಾರ ಟಿಕ್ ಟಿಕ್ ಎಂದಿತು. ಒಲೆಯಲ್ಲಿ ಸೌದೆ ಚಟ್ ಎಂದಿತು. ಹೊರಗೆಲ್ಲೋ ಕೋಳಿ ತನ್ನ ಮೊಟ್ಟೆಯ ಬಗ್ಗೆ ಜಂಬ ಕೊಚ್ಚಿತು. ಗಿನಾ ಅಜ್ಜಿ ಉಸಿರೆಳೆದುಕೊಂಡದ್ದು, ಅಜ್ಜಿ ಅವಳ ಪಕ್ಕೆಗೆ ತಿವಿದದ್ದು, ಗಿನಾ ಅಜ್ಜಿ "ಗೊತ್ತು ಬಿಡೇ" ಎಂದು ಪಿಸುಗುಟ್ಟಿದ್ದು ಎಲ್ಲವೂ ಕೇಳಿಸಿತು.

"ಅಯ್ಯೋ ಯಾವೋರ್! ಕೋಳಿ! ಕೋಳಿ ಕೇಳಿಸ್ತಿದೆ!" ರಾಲಿತ್ಸಾ ಕುರ್ಚಿ ಹತ್ತಿ ಕುಣಿದಳು. ಒಂದು ಬಡ್ಡನ್ನು ಅವನ ಕಿವಿಗೆ ತುರುಕಿದಳು. "ಕೇಳು, ಅಜ್ಜಿ ತಿವೀತಾಳೆ!" ಇಬ್ಬರೂ ಬಿದ್ದು ಬಿದ್ದು ನಕ್ಕರು.

ಆಮೇಲೆ ಹಾಡು ಶುರುವಾಯಿತು. ಒಂದು ಸಾಲು ಮುಗಿಯುವ ಹೊತ್ತಿಗೆ,

ಝುಂಂಂಂಂ!

ಈ ಸಲ ಅದು ಕಿವಿಯಿಂದ ಹೊರಟು ಹಲ್ಲಿನವರೆಗೆ ಬಂತು. ನಗು ನಿಂತಿತು.

"ಎಲ್ಲ ರಿಪೇರಿ ಮಾಡಿದಷ್ಟೂ ಅದು ಜಾಸ್ತಿಯಾಗ್ತಿದೆ," ಅಂದಳು ರಾಲಿತ್ಸಾ. ಅವಳ ಕಣ್ಣ ಮುಂದೆ ಬುಟ್ಟಿ ತೂಗಾಡುತ್ತಿತ್ತು.

"ಹಾಗಾದ್ರೆ ರೋಗ ಬಡ್ಸಿನದಲ್ಲ. ರೆಕಾರ್ಡಿಂಗ್‌ದು," ಎಂದು ಯಾವೋರ್ ಗಂಭೀರವಾಗಿ ತೀರ್ಪು ಕೊಟ್ಟ. "ಅಜ್ಜಿಯ ಫೋನು ಹಳೇದು. ತಡಿ, ನನ್ನ ಹತ್ರ ಒಂದು ಆ್ಯಪ್ ಇದೆ. ಹಾಡನ್ನ ಹಾಕಿ ಆಟೋ ಅಂತ ಒತ್ತಿದ್ರೆ ಸಾಕು, ಸೊಟ್ಟಗಿರೋದನ್ನೆಲ್ಲ ನೆಟ್ಟಗೆ ಮಾಡುತ್ತೆ."

ಒತ್ತಿದ. ಒಂದು ಪುಟ್ಟ ಚಕ್ರ ತಿರುಗಿತು. ಬಂದ ಹಾಡು ಒರೆಸಿಟ್ಟ ಗಾಜಿನಂತೆ ನುಣ್ಣಗಿತ್ತು. ಗಡಿಯಾರ ಇಲ್ಲ, ಕೋಳಿ ಇಲ್ಲ. ಝುಂ ಇಲ್ಲವೇ ಇಲ್ಲ!

"ಡಾಕ್ಟರೇ, ನೀನು ಜೀನಿಯಸ್!" ಎಂದು ರಾಲಿತ್ಸಾ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಇಳಿದಳು, ಹಾಡುತ್ತಲೇ.

ಠಣ್! ಠಣ್! ಎಂದಿತು ಪೈಪು.

* * *

ಶುಕ್ರವಾರ ಸಂಜೆ ಅಮ್ಮ ರಾಲಿತ್ಸಾ, ಯಾವೋರ್ ಇಬ್ಬರನ್ನೂ ಕಾರಿನಲ್ಲಿ ಊರಿಗೆ ಕರೆತಂದಳು. ಅಜ್ಜಿಯ ಅಡುಗೆಮನೆಯಲ್ಲಿ ಬೀನ್ಸ್ ಸಾರು ಕುದಿಯುತ್ತಿತ್ತು. ಗಿನಾ ಅಜ್ಜಿ ಆಗಲೇ ಬಂದು ಕೂತಿದ್ದಳು. ಅವಳ ಮೊಮ್ಮಗಳು ಬಿಲ್ಯಾನಾ ಬಾಗಿಲಿಗೆ ಒರಗಿ ನಿಂತಿದ್ದಳು. ಹಾಡು ಕೂಗುವವಳು ಅವಳೇ.

"ಬಂದ್ಲು ಬುಟ್ಟಿ ರಾಣಿ!" ಅಂದಳು ಬಿಲ್ಯಾನಾ.

"ನಾಳೆಯಿಂದ ಅಲ್ಲ," ಅಂದಳು ರಾಲಿತ್ಸಾ, ಮೂಗು ಮೇಲೆತ್ತಿ.

"ಸರಿ, ನೋಡೇಬಿಡೋಣ," ಎಂದು ಅಜ್ಜಿ ಸೌಟು ಕೆಳಗಿಟ್ಟಳು.

ಬಿಲ್ಯಾನಾ ಕೂಗಿದಳು. ರಾಲಿತ್ಸಾ ಎಳೆದಳು. ತಪ್ಪಿಲ್ಲದೆ, ನಡುಗದೆ, ಎಣ್ಣೆಯಂತೆ ನುಣ್ಣಗೆ. ಮುಗಿಸಿ ಹೆಮ್ಮೆಯಿಂದ ಕಣ್ಣು ತೆರೆದಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ.

"ನನ್ನ ಮೇಲೇ ಹತ್ತಿ ಕೂತ್ಕೊಂಡ್ಳು!" ಎಂದು ಬಿಲ್ಯಾನಾ ದೂರಿದಳು.

"ಇದೇನೇ ಮಗಾ," ಅಂದಳು ಅಜ್ಜಿ, "ಸಾರಿಗೆ ಉಪ್ಪೇ ಹಾಕಿಲ್ವಲ್ಲ? ನಾನು ಕಳ್ಸಿದ್ದು ಹೀಗಿತ್ತಾ?"

"ನೀನು ಕಳ್ಸಿದ್ರಲ್ಲಿ ಝುಂ ಅಂತ ಗಲಾಟೆ ಇತ್ತಜ್ಜಿ. ಯಾವೋರ್ ಅದನ್ನ ಕ್ಲೀನ್ ಮಾಡ್ಕೊಟ್ಟ."

"ಕ್ಲೀನಾ? ಎಲ್ಲಿ, ಕೇಳ್ಸು."

ಯಾವೋರ್ ಅಜ್ಜಿಯ ತಲೆವಸ್ತ್ರವನ್ನು ಸರಿಸಿ ಎರಡೂ ಕಿವಿಗೆ ಬಡ್ಸ್ ಇಟ್ಟ. ಅಜ್ಜಿ ಬೆಚ್ಚಿಬಿದ್ದು, ಎದುರಿಗಿದ್ದವರೆಲ್ಲ ಬೆಟ್ಟದಾಚೆ ಇದ್ದಾರೇನೋ ಎಂಬಂತೆ ಕಿರುಚಿದಳು.

"ಯಾರಿದು ಹಾಡ್ತಿರೋದು?"

"ನೀನೇ!" ಎಂದು ಎಲ್ಲರೂ ಕಿರುಚಿದರು.

"ನಾನಾ? ಮತ್ತೆ ಗಿನಾ ಎಲ್ಲಿ?"

"ನಾನು ಇಲ್ವಾ?" ಗಿನಾ ಅಜ್ಜಿ ಸ್ಟೂಲಿನಿಂದ ಎದ್ದಳು. "ಕೊಡೇ ಇಲ್ಲಿ!" ಬಡ್ಸ್ ಕಸಿದು ಹಾಕಿಕೊಂಡಳು. ಕೇಳಿದಳು. ಅವಳ ಮುಖ ಕೆಂಪಾಯಿತು. "ಇಲ್ಲ! ನಾನಿಲ್ಲ! ಹುಡುಗಿಯಾಗಿದ್ದಾಗಿಂದ ಇವಳ ಪಕ್ಕ ನಿಂತು ಎಳ್ದಿದೀನಿ. ಗಂಡ ತೀರ್ಕೊಂಡಾಗ್ಲೂ ಹಾಡು ಬಿಟ್ಟೋಳಲ್ಲ. ಒಂದು ಗುಂಡಿ ಒತ್ತಿ ನನ್ನ ಗುಡಿಸಿ ಹಾಕಿದ್ರಾ?"

"ನಾನು ಆಟೋ ಒತ್ತಿದೆ ಅಷ್ಟೇ," ಅಂದ ಯಾವೋರ್, ಬಾಗಿಲ ಕಡೆ ಒಂದು ಹೆಜ್ಜೆ ಹಿಂದೆ ಸರಿಯುತ್ತ.

"ಆಟೋ ಅಂತೆ! ಸಾರು ಕೊಡ್ಬೇಡ ಇವನಿಗೆ!"

ಅಜ್ಜಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣೊರೆಸಿಕೊಂಡು ರಾಲಿತ್ಸಾಳ ಭುಜ ಹಿಡಿದಳು. "ಬಾ ಇಲ್ಲಿ. ಮಧ್ಯೆ ನಿಂತ್ಕೋ. ಗಿನಾ, ನೀನು ಆ ಕಿವಿ, ನಾನು ಈ ಕಿವಿ."

ಎಡಗಡೆಯಿಂದ ಬೆಳ್ಳುಳ್ಳಿ ವಾಸನೆ ಬಂತು, ಬಲಗಡೆಯಿಂದ ಪುದೀನ ಚಹಾದ್ದು.

"ಲೆಫ್ಟು, ರೈಟು. ವೈರೇ ಇಲ್ಲ," ಎಂದು ಯಾವೋರ್ ಬಾಗಿಲಿನಿಂದ ಪಿಸುಗುಟ್ಟಿದ.

"ಚಾರ್ಜೂ ಬೇಡ," ಅಂದಳು ಗಿನಾ ಅಜ್ಜಿ, ಇನ್ನೂ ಸಿಟ್ಟಿನಲ್ಲಿ.

ಅಜ್ಜಿ ಕೂಗಿದಳು. ಗಿನಾ ಅಜ್ಜಿ ಎಳೆದಳು. ಸಾಲಿನ ಕೊನೆಯಲ್ಲಿ ಎರಡು ದನಿಗಳೂ ಒಂದಕ್ಕೊಂದು ಹತ್ತಿರ, ಇನ್ನೂ ಹತ್ತಿರ ಬಂದು, ಕೂಡಿಕೊಳ್ಳದೆ ಹಾಗೆಯೇ ಭುಜಕ್ಕೆ ಭುಜ ಉಜ್ಜಿಕೊಂಡು ನಿಂತವು.

ಝುಂಂಂಂಂ!

ರಾಲಿತ್ಸಾ ತಟ್ಟನೆ ಅಜ್ಜಿಯ ಬಾಯಿ ಮುಚ್ಚಿದಳು. ಝುಂ ಹೋಯಿತು. ಕೈ ತೆಗೆದಳು. ಬಂತು. ಗಿನಾ ಅಜ್ಜಿಯ ಬಾಯಿ ಮುಚ್ಚಿದಳು. ಮತ್ತೆ ಹೋಯಿತು!

"ಇದು... ಇದು ಕೆಟ್ಟುಹೋಗಿರೋದಲ್ವಾ?"

"ಕೆಟ್ಟುಹೋಗೋದಾ! ಗಂಟೆ ಬಾರ್ಸೋದು ಅಂತೀವಿ ನಾವು ಇದಕ್ಕೆ," ಅಂದಳು ಅಜ್ಜಿ. "ಇದಿಲ್ದೆ ಹಾಡಿದ್ರೆ ಊರಿನೋರು ಮೊಟ್ಟೆ ಕೊಡಲ್ಲ, ಬಾಗಿಲು ಹಾಕ್ಕೊಳ್ತಾರೆ."

ಆದರೆ ಗೊತ್ತಾದ ಮಾತ್ರಕ್ಕೆ ಬರಬೇಕಲ್ಲ! ನುಣ್ಣಗಿನ ಹಾಡನ್ನೇ ದಿನವೂ ಹಾಡಿ ಹಾಡಿ ರಾಲಿತ್ಸಾಳ ದನಿಗೆ ಜಾರುವ ಅಭ್ಯಾಸವಾಗಿತ್ತು. ಬಿಲ್ಯಾನಾ ಹತ್ತಿರ ಬಂದಳೆಂದರೆ ಸಾಕು, ಅದು ಅವಳ ದನಿಯ ಮೇಲೇ ಹೋಗಿ ನಿಲ್ಲುತ್ತಿತ್ತು.

"ಮತ್ತೆ ನನ್ನ ಕಾಲು ತುಳಿದೆ!"

"ಇನ್ನೊಂದ್ಸಲ."

"ಈಗ ಬೀದಿಯಾಚೆ ಹೋದೆ! ಹತ್ರ ಬಾರೇ!"

ಒಂದೇ ಒಂದು ಸಲ ಝುಂ ಎಂದಿತು. ಇಬ್ಬರಿಗೂ ಎಷ್ಟು ಕಚಗುಳಿಯಾಯಿತೆಂದರೆ ನಕ್ಕುಬಿಟ್ಟರು. ಹಾಡು ಬಿದ್ದುಹೋಯಿತು.

ಅಜ್ಜಿ ಸಾರು ಬಡಿಸುತ್ತ ಹೇಳಿದಳು: "ನಾಳೆ ಮೊದಲನೇ ಮನೇಲಿ ನೋಡೋಣ. ಬಂದ್ರೆ ಸರಿ. ಇಲ್ದಿದ್ರೆ ಬಿಲ್ಯಾನಾ ಒಬ್ಳೇ ಕೂಗ್ಲಿ, ಅರ್ಧ ಹಾಡಾದ್ರೂ ಆಗುತ್ತೆ. ನೀನು ಬುಟ್ಟಿ."

ಯಾವೋರ್‌ಗೂ ಸಾರು ಸಿಕ್ಕಿತು. ಬಡಿಸಿದ್ದು ಗಿನಾ ಅಜ್ಜಿಯೇ, ಆದರೆ ತಟ್ಟೆಯನ್ನು ಕುಕ್ಕಿ ಇಟ್ಟಳು.

* * *

ಬೆಳಗ್ಗೆ ಬಹಳ ಚಳಿಯಿತ್ತು. ಪ್ಲಮ್ ಮರಗಳು ಬೆಳ್ಳಗೆ ಹೂ ಹೊತ್ತು ನಿಂತಿದ್ದವು. ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಗಟ್ಟಿಯಾಗಿತ್ತು. ಹುಡುಗಿಯರ ಉಸಿರು ಹೊಗೆಯಾಡುತ್ತಿತ್ತು.

ಮೊದಲ ಮನೆ ಗಿನಾ ಅಜ್ಜಿಯದೇ. ಅವಳು ಗೇಟಿನ ಬಳಿ, ಹುಡುಗಿಯರನ್ನು ಇವತ್ತೇ ಮೊದಲು ನೋಡುತ್ತಿರುವವಳ ಹಾಗೆ ಕೈಕಟ್ಟಿ ನಿಂತಿದ್ದಳು. ಪಕ್ಕದಲ್ಲಿ ಅಜ್ಜಿ. ಬೇಲಿಯ ಹೊರಗೆ ಯಾವೋರ್, ಒಂದು ಕೈಯಲ್ಲಿ ಫೋನು, ಕಿವಿಯಲ್ಲಿ ತನ್ನ ಬಡ್ಸ್. ಆಟೋ ಒತ್ತಿದ ತಪ್ಪಿಗೆ ಹಬ್ಬವನ್ನೆಲ್ಲ ಒಳ್ಳೆಯ ಸೌಂಡಿನಲ್ಲಿ ರೆಕಾರ್ಡ್ ಮಾಡಿಕೊಡುತ್ತೇನೆಂದು ಅವನು ಗಿನಾ ಅಜ್ಜಿಗೆ ಮಾತು ಕೊಟ್ಟಿದ್ದ.

ರಾಲಿತ್ಸಾಳ ತಲೆಯ ದಂಡೆ ಒಂದು ಕಡೆಗೆ ವಾಲಿತ್ತು. ಬಿಲ್ಯಾನಾ ಅದನ್ನು ಸರಿಮಾಡಿದಳು. "ಕಾಲು ತುಳೀಬೇಡ," ಅಂದಳು. ಆಮೇಲೆ ಮೆಲ್ಲಗೆ, "ದೂರಾನೂ ಹೋಗ್ಬೇಡ ಮತ್ತೆ."

ಇಬ್ಬರ ನಡುವೆ ಬುಟ್ಟಿ ಹಿಡಿದು ನಿಂತಿದ್ದವಳು ಬಿಲ್ಯಾನಾಳ ತಂಗಿ ದಾರಾ. ಬುಟ್ಟಿ ಅವಳಿಗಿಂತ ದೊಡ್ಡದಾಗಿತ್ತು. ಅವಳು ಮೂಗು ಸೋರುತ್ತಿದ್ದರೂ ಒರೆಸಿಕೊಳ್ಳದೆ ಮರದ ಗೊಂಬೆಯಂತೆ ನಿಂತಿದ್ದಳು.

ಬಿಲ್ಯಾನಾ ಉಸಿರೆಳೆದು ಕೂಗಿದಳು. ಈ ಅಂಗಳದ ಕುರಿಗಳು ಹೆಚ್ಚಲಿ, ಈ ಬಾವಿ ಬತ್ತದಿರಲಿ ಎಂಬ ಹಾಡು ಬೇಲಿ ದಾಟಿ ಹೊರಟಿತು. ರಾಲಿತ್ಸಾ ಎಳೆದಳು.

ಸಾಲಿನ ಕೊನೆ ಬಂತು. ಬಿಲ್ಯಾನಾಳ ದನಿ ಹತ್ತಿರ ಬಂತು. ರಾಲಿತ್ಸಾಳ ದನಿ ಜಾರಲು ಹವಣಿಸಿತು. ಅವಳಿಗೆ ನಿನ್ನೆ ಕಿವಿಯ ಪಕ್ಕದಿಂದ ಬಂದ ಬೆಳ್ಳುಳ್ಳಿ ವಾಸನೆ ನೆನಪಾಯಿತು. "ನಾನಿಲ್ಲ!" ಎಂದು ಕೆಂಪಾದ ಗಿನಾ ಅಜ್ಜಿಯ ಮುಖ ನೆನಪಾಯಿತು. ನಾನು ಇಲ್ಲಿದ್ದೀನಿ, ಎಂದುಕೊಂಡಳು. ಕಾಲನ್ನು ನೆಲಕ್ಕೆ ಒತ್ತಿ ಅಲ್ಲೇ ನಿಂತಳು. ಬಿಲ್ಯಾನಾ ಬಂದು ಭುಜಕ್ಕೆ ತಾಗಿದಳು.

ಝುಂಂಂಂಂ!

ಬೇಲಿಯಾಚೆ ಯಾವೋರ್ ಬೆಚ್ಚಿ ಒಂದು ಬಡ್ ತೆಗೆದು ಅಂಗಿಗೆ ಒರೆಸಿಕೊಂಡು ಮತ್ತೆ ಹಾಕಿಕೊಂಡ. ಮತ್ತೆ ತೆಗೆದ. ಆಮೇಲೆ ಎರಡನ್ನೂ ತೆಗೆದು ಜೇಬಿಗೆ ಹಾಕಿಕೊಂಡು, ಬಾಯಿ ತೆರೆದುಕೊಂಡು ಬೇಲಿಯ ಮೇಲೆ ಬಗ್ಗಿದ.

ರಾಲಿತ್ಸಾಳಿಗೆ ಹೊಟ್ಟೆಯಿಂದ ನಗು ಉಕ್ಕಿತು. ಆದರೆ ಅವಳು ದನಿ ಬಿಡಲಿಲ್ಲ. ಅಜ್ಜಿ ದೂರದಿಂದಲೇ, ಬಂತಾ ಎಂಬಂತೆ ಗದ್ದ ಎತ್ತಿದಳು. ರಾಲಿತ್ಸಾ ಹಾಡುತ್ತಲೇ ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸಿದಳು. ಹೂದಂಡೆ ಮತ್ತೆ ವಾಲಿತು.

ಎರಡನೇ ಸಾಲಿಗೆ ಝುಂ ತಾನಾಗಿಯೇ ಬಂತು. ಆಗ ನಡುವೆ ನಿಂತಿದ್ದ ದಾರಾ ಕತ್ತು ಕುಗ್ಗಿಸಿಕೊಂಡಳು. ಬುಟ್ಟಿ ಅಲುಗದಂತೆ ಎಚ್ಚರದಿಂದ ತಲೆ ಎತ್ತಿ, ಹೆದರಿದ ಕಣ್ಣುಗಳಿಂದ ಪ್ಲಮ್ ಮರದಲ್ಲಿ ಏನನ್ನೋ ಹುಡುಕಿದಳು.

ತಾನು ಬುಟ್ಟಿ ಹಿಡಿದಾಗಲೆಲ್ಲ ಗುಂಯ್‌ಗುಡುತ್ತಿದ್ದ ಜೇನುಹುಳ ನೆನಪಾಗಿ ರಾಲಿತ್ಸಾಳೂ ತಲೆ ಎತ್ತಿದಳು.

ಬಿಳಿ ಹೂವು ಚಳಿಗೆ ಅಲುಗದೆ ನಿಂತಿತ್ತು. ಯಾವ ರೆಂಬೆಯಲ್ಲೂ ಒಂದು ಜೇನುಹುಳವೂ ಇರಲಿಲ್ಲ.